ಮೂಲಿಕೆಯ ಹೆಸರು, ಮದ್ದಿನ ಉಸಿರು

ಮಗಧದ ರಾಜವೈದ್ಯನೆಂದು ಖ್ಯಾತನಾದ ಜೀವಕನ ಕಥೆ ಬೌದ್ಧರ ವಿನಯಪಿಟಕದಲ್ಲಿ ಬರುತ್ತದೆ. ತಕ್ಷಶಿಲೆಯಲ್ಲಿ ಏಳು ವರ್ಷ ವೈದ್ಯವಿದ್ಯೆಯನ್ನು ವ್ಯಾಸಂಗಮಾಡಿದ ಈ ಶಿಷ್ಯನನ್ನು ಗುರುವು ಪರೀಕ್ಷಿಸಲೆಳಸಿ, ಕೈಗೊಂದು ಗುದ್ದಲಿಯನ್ನಿತ್ತು, ನಗರದ ಸುತ್ತ ಒಂದು ಯೋಜನ ದೂರ ಅಲೆದು ಔಷಧವಾಗಲಾರದ ಗಿಡವನ್ನು ಕಂಡರೆ ತರಬೇಕೆಂದು ಅಪ್ಪಣೆಯಿತ್ತನಂತೆ. ಜೀವಕನು ಅಲೆದಲೆದು ಬರಿಗೈಯಲ್ಲಿ ಹಿಂದಿರುಗಿದನು. ಅಂಥ ಗಿಡವೊಂದೂ ತನಗೆ ಕಾಣಲಿಲ್ಲವೆಂದು ಬಿನ್ನವಿಸಿದನು. ಗುರುವು ಸಂತೋಷಗೊಂಡು ಅವನ ವ್ಯಾಸಂಗ ಪೂರ್ಣವಾಯಿತೆಂದು ಸಾರಿದನು.

ಈ ಕಥೆಯನ್ನು ಗಿಡಮೂಲಿಕೆಗಳ ಮಹಿಮೆಯನ್ನು ಸಾರಲೆಂದು ಹೇಳುವುದು ವಾಡಿಕೆ. ನನಗೆ ಮಾತ್ರ ಇದರಲ್ಲಿ ಬೇರೊಂದು ಅರ್ಥ ತೋರುತ್ತದೆ. ಜೀವಕನು ಬರಿಗೈಯಲ್ಲಿ ಬಂದುದು ಒಂದೊಂದು ಗಿಡವನ್ನೂ ಗುರುತಿಸಿ, ಹೆಸರು ಹಿಡಿದು ಕರೆದು, ಗುಣವನ್ನು ನೆನೆದುಕೊಂಡ ಮೇಲೆ. ಇಂದು ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿಯನ್ನು ಅದೇ ಅಪ್ಪಣೆಯಿತ್ತು ಕಳುಹಿಸಿದರೆ ಅವನು ಸಂಜೆಯ ಹೊತ್ತಿಗೆ ಹೊರೆ ಹೊರೆ ಗಿಡಗಳನ್ನು ಹೊತ್ತು ತಂದಾನು. ಅವನ ಪಾಲಿಗೆ ಅವೆಲ್ಲವೂ ಬರಿಯ ಕಸ. ಜೀವಕನ ಬರಿಗೈಗೂ ನಮ್ಮ ಹುಡುಗನ ಹೊರೆಗೂ ನಡುವಿನ ಅಂತರವೇ ಈ ಲೇಖನದ ವಿಷಯ.

ಸಸ್ಯವೇ ಮಾನವನ ಮೊದಲ ಮದ್ದು ಎಂಬುದಕ್ಕೆ ಬೇರೆಲ್ಲಿಗೂ ಹೋಗದೆ ನಮ್ಮ ಮಾತಿನಲ್ಲಿಯೇ ಸಾಕ್ಷ್ಯವುಂಟು. ಓಷಧಿ ಎಂದರೆ ಸಸ್ಯ, ಓಷಧಿಯಿಂದಾದುದು ಔಷಧ. ಇಂದು ಕಾರ್ಖಾನೆಯಲ್ಲಿ ತಯಾರಾಗಿ ಕಾಗದದ ಪೆಟ್ಟಿಗೆಯಲ್ಲಿ ಬರುವ ಗುಳಿಗೆಯನ್ನೂ ನಾವು ಔಷಧವೆಂದೇ ಕರೆಯುತ್ತೇವೆ. ಋಗ್ವೇದದ ಹತ್ತನೆಯ ಮಂಡಲದ ಓಷಧಿಸೂಕ್ತವು ಗಿಡಬಳ್ಳಿಗಳನ್ನು ತಾಯಂದಿರೆಂದು ಸಂಬೋಧಿಸುತ್ತದೆ. ಇರಾಕಿನ ಪ್ರಾಚೀನ ನಿಪ್ಪುರ್ ನಗರದಲ್ಲಿ ದೊರೆತ, ನಾಲ್ಕು ಸಹಸ್ರ ವರ್ಷಗಳಿಗೂ ಹಳೆಯದಾದ ಸುಮೇರಿಯನ್ನರ ಮಣ್ಣಿನ ಫಲಕವೊಂದರಲ್ಲಿ ಅನಾಮಿಕ ವೈದ್ಯನೊಬ್ಬನು ಗಿಡಮರಗಳಿಂದ ಮಾಡುವ ಲೇಪ ಕಷಾಯಗಳನ್ನು ಬರೆದಿಟ್ಟಿದ್ದಾನೆ. ಕ್ರಿ.ಪೂ. ಸುಮಾರು 1550ರದೆಂದು ಎಣಿಸಲಾದ, ಎಬರ್ಸ್ ಪಪೈರಸ್ ಎಂದು ಹೆಸರಾದ ಈಜಿಪ್ಟಿನ ಸುರುಳಿಯಲ್ಲಿ ಎಂಟುನೂರಕ್ಕೂ ಹೆಚ್ಚು ಚಿಕಿತ್ಸಾಕ್ರಮಗಳಿವೆ. ಅಕ್ಷರವು ಹುಟ್ಟಿ ಬಹುಕಾಲ ಸಲ್ಲುವ ಮೊದಲೇ ಮನುಷ್ಯನು ಬರೆದಿಡಲು ಆತುರಪಟ್ಟ ವಿಷಯಗಳಲ್ಲಿ ಗಿಡದ ಹೆಸರೂ ಒಂದು.

ಅಕ್ಷರಕ್ಕಿಂತ ಹಿಂದಿನ ಕಾಲಕ್ಕೂ ಈಗ ಸಾಕ್ಷ್ಯ ದೊರೆತಿದೆ. ಸ್ಪೇನ್ ದೇಶದ ಎಲ್ ಸಿಡ್ರಾನ್ ಗುಹೆಯಲ್ಲಿ ಸಿಕ್ಕಿದ, ಸುಮಾರು ಐವತ್ತು ಸಹಸ್ರ ವರ್ಷಗಳ ಹಿಂದಿನ ನಿಯಾಂಡರ್ತಾಲ್ ಮಾನವರ ಹಲ್ಲಿನ ಪಾಚಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು, ಆಹಾರವಾಗಿ ಸತ್ತ್ವವಿಲ್ಲದ ಕಹಿ ಗಿಡಗಳ ಕುರುಹುಗಳನ್ನು ಅದರಲ್ಲಿ ಕಂಡುದಾಗಿ 2012ರಲ್ಲಿ ಪ್ರಕಟಿಸಿದರು. ಹೊಟ್ಟೆಗಲ್ಲದೆ ಮದ್ದಿಗೆಂದೇ ಅವರು ಅವನ್ನು ಅಗಿದಿರಬೇಕೆಂಬುದು ಅವರ ಊಹೆ. ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ಇಂಡೊನೇಷ್ಯದ ಸುಮಾತ್ರಾ ಕಾಡಿನಲ್ಲಿ 2022ರ ಜೂನ್‌ನಲ್ಲಿ ರಾಕುಸ್ ಎಂದು ಸಂಶೋಧಕರು ಕರೆಯುವ ಒರಾಂಗುಟಾನ್ ವಾನರವೊಂದು ತನ್ನ ಮುಖದ ಗಾಯಕ್ಕೆ ಬಳ್ಳಿಯೊಂದರ ಎಲೆಯನ್ನು ಅಗಿದು ಅದರ ರಸವನ್ನು ಮತ್ತೆ ಮತ್ತೆ ಹಚ್ಚಿ, ಕಡೆಗೆ ಅಗಿದ ಸೊಪ್ಪನ್ನೇ ಮೆತ್ತಿಕೊಂಡಿತು. ಕೆಲವೇ ದಿನಗಳಲ್ಲಿ ಗಾಯ ಮುಚ್ಚಿತು. ಇದರ ವರದಿ 2024ರಲ್ಲಿ ಪ್ರಕಟವಾಗಿದೆ. ಆ ಬಳ್ಳಿಯು ನಮ್ಮ ಅಮೃತಬಳ್ಳಿಯ ಕುಟುಂಬಕ್ಕೇ ಸೇರಿದ್ದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಮದ್ದಿನ ಮೊದಲ ಪಾಠವನ್ನು ಮನುಷ್ಯನು ಮನುಷ್ಯನಾಗುವುದಕ್ಕಿಂತ ಮುಂಚೆಯೇ ಕಲಿತಿರಬಹುದು. ಆದರೆ ವಾನರಕ್ಕೆ ಇಲ್ಲದ ಒಂದು ಶಕ್ತಿ ಮನುಷ್ಯನಿಗೆ ಬಂದಿತು. ಅವನು ಆ ಬಳ್ಳಿಗೆ ಹೆಸರಿಟ್ಟನು. ಹೆಸರಿಟ್ಟ ಕ್ಷಣದಿಂದ ಒಬ್ಬನ ಅನುಭವ ಊರಿನ ಸ್ವತ್ತಾಯಿತು, ಸತ್ತವರ ಅರಿವು ಹುಟ್ಟುವವರಿಗೆ ದಕ್ಕಿತು.

ಈ ಅರಿವನ್ನು ಗಳಿಸಲು ಎಷ್ಟು ಪ್ರಾಣಗಳು ಹೋಗಿರಬಹುದೆಂಬುದನ್ನು ನಾವು ಯೋಚಿಸುವುದೇ ಇಲ್ಲ. ಯಾವ ಕಾಯಿ ಕೊಲ್ಲುತ್ತದೆ, ಯಾವ ಬೇರು ಕಾಯುತ್ತದೆ ಎಂಬುದನ್ನು ಯಾರೋ ಒಬ್ಬರು ತಿಂದೇ ತಿಳಿಯಬೇಕಾಯಿತು. ಕನ್ನಡದ ಮದ್ದು ಎಂಬ ಶಬ್ದವನ್ನೇ ನೋಡಿರಿ. ಅದು ರೋಗ ಕಳೆಯುವ ವಸ್ತುವೂ ಹೌದು. ‘ಮದ್ದು ಹಾಕಿದರು’ ಎಂದಾಗ ಕೇಡು ಮಾಡುವ ವಸ್ತುವೂ ಹೌದು. ಗ್ರೀಕರ ‘ಫಾರ್ಮಕಾನ್’ ಶಬ್ದಕ್ಕೂ ಈ ಎರಡು ಅರ್ಥಗಳಿವೆ. ದೂರದೂರದ ಎರಡು ಜನಾಂಗಗಳು ಒಂದೇ ಶಬ್ದದಲ್ಲಿ ಅಮೃತವನ್ನೂ ವಿಷವನ್ನೂ ಇಟ್ಟುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಚರಕಸಂಹಿತೆಯು ಗಿಡಗಳ ಹೆಸರನ್ನೂ ರೂಪವನ್ನೂ ಆಡು ಕುರಿ ಕಾಯುವವರಿಂದ, ಗೋವಳರಿಂದ, ವನವಾಸಿಗಳಿಂದ ತಿಳಿಯಬೇಕೆನ್ನುತ್ತದೆ. ಒಡನೆಯೇ, ಹೆಸರು ರೂಪಗಳನ್ನಷ್ಟೇ ಬಲ್ಲವನು ವೈದ್ಯನಲ್ಲ, ದೇಶ ಕಾಲ ಮತ್ತು ವ್ಯಕ್ತಿಯನ್ನು ನೋಡಿ ಪ್ರಯೋಗಿಸಬಲ್ಲವನೇ ನಿಜವಾಗಿ ಬಲ್ಲವನೆಂದು ಎಚ್ಚರಿಸುತ್ತದೆ. ಶಾಸ್ತ್ರಕಾರನ ಈ ವಿನಯ, ಈ ಎಚ್ಚರ, ಎರಡನ್ನೂ ನಾವು ಇಂದು ಕಳೆದುಕೊಂಡಿದ್ದೇವೆ.

ಕನ್ನಡ ನುಡಿಯು ಈ ವಿಷಯದಲ್ಲಿ ಬಡವಾಗಿರಲಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆ, ವೃಕ್ಷಾಯುರ್ವೇದ, ವೈದ್ಯ ಎಲ್ಲವೂ ಒಂದೇ ಸೂರಿನಡಿ ಇವೆ. ಹನ್ನೆರಡನೆಯ ಶತಮಾನದಲ್ಲಿ ಚಾಳುಕ್ಯ ರಾಜಕುಮಾರ ಕೀರ್ತಿವರ್ಮನು ದನಗಳ ಚಿಕಿತ್ಸೆಗೆಂದೇ ‘ಗೋವೈದ್ಯ’ವನ್ನು ಬರೆದನು. ಅರಸುಮಗನೊಬ್ಬನು ಎತ್ತು ಎಮ್ಮೆಗಳ ಬೇನೆಗೆ ಗ್ರಂಥ ಬರೆದುದು ನಮ್ಮ ನಾಡಿನ ಹಿರಿಮೆ. ಅದೇ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಮದ್ಯ ಮಾಂಸಗಳ ಸೋಂಕಿಲ್ಲದ ಚಿಕಿತ್ಸೆಯನ್ನೇ ಹೇಳಿದುದು ಅದರ ವೈಶಿಷ್ಟ್ಯ. ಸುಮಾರು 1360ರ ಮೊದಲನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯದ ಮಹಾಗ್ರಂಥ. ಗಿಡಮರ ಖನಿಜಗಳ ನಂಜು ಸ್ಥಾವರ, ಹಾವು ಚೇಳುಗಳ ನಂಜು ಜಂಗಮ ಎಂಬ ವೈದ್ಯರ ವಿಭಾಗವನ್ನು ತರಗತಿಯಲ್ಲಿ ಹೇಳುವಾಗ ಶ್ರೀಮಠದ ಮಕ್ಕಳ ಮುಖದಲ್ಲಿ ಪ್ರತಿವರ್ಷವೂ ನಗೆ ಮೂಡುತ್ತದೆ. ಆ ಎರಡು ಶಬ್ದಗಳನ್ನು ಅವರು ಬೇರೆ ಅರ್ಥದಲ್ಲಿ ಬಲ್ಲರು. ಶರಣರ ನಡುವೆ ವೈದ್ಯ ಸಂಗಣ್ಣನೆಂಬ ವಚನಕಾರನು ತನ್ನ ಕಾಯಕದ ಪರಿಭಾಷೆಯನ್ನೇ ಅನುಭಾವದ ಭಾಷೆಯಾಗಿಸಿದನು. ಕೆಳದಿಯ ಬಸವಪ್ಪನಾಯಕನ ಸಂಸ್ಕೃತ ಮಹಾಕೋಶ ‘ಶಿವತತ್ತ್ವರತ್ನಾಕರ’ದಲ್ಲಿಯೂ ವೈದ್ಯಕ್ಕೆ ಸ್ಥಾನವಿದೆ.

ಇಷ್ಟನ್ನು ಬರೆಯುವ ನನ್ನ ಸ್ವಂತ ಯೋಗ್ಯತೆಯೇನು? ಅದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯವೊಂದರ ಪ್ರಸಂಗದಿಂದ ಅಮೃತಬಳ್ಳಿಯ ಮಾತು ಬಂದಿತು. ವಿದ್ವತ್ ವ್ಯಾಸಂಗದ ದಿನಗಳಲ್ಲಿ ನಿಘಂಟನ್ನು ಬಾಯಿಪಾಠ ಮಾಡಿದವನಾದ ನಾನು ಗುಡೂಚೀ, ಅಮೃತಾ, ಛಿನ್ನರುಹಾ, ವತ್ಸಾದನೀ ಎಂದು ಪರ್ಯಾಯಪದಗಳನ್ನು ಹರಿಯಬಿಟ್ಟೆ. ಕಡಿದರೂ ಮತ್ತೆ ಚಿಗುರುವುದರಿಂದ ಛಿನ್ನರುಹಾ ಎಂದು ವ್ಯುತ್ಪತ್ತಿಯನ್ನೂ ವಿವರಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಗುರುಗಳೇ, ಅದು ಹೆಂಗಿರ್ತದ್ರೀ? ಒಮ್ಮೆ ತೋರಸ್ರಿ” ಎಂದನು. ನನ್ನ ಬಾಯಿ ಕಟ್ಟಿತು. ನಾಲ್ಕು ಹೆಸರು ಬಲ್ಲ ನಾನು ಆ ಬಳ್ಳಿಯನ್ನು ಕಣ್ಣಾರೆ ಗುರುತಿಸಿದವನಲ್ಲ. ನಾಳೆ ತೋರಿಸುವೆನೆಂದು ಹೇಳಿ ಮಾನ ಉಳಿಸಿಕೊಂಡೆ.

ಅಂದು ಸಂಜೆ ಪ್ರಸಾದನಿಲಯದ ಅಡುಗೆಮನೆಗೆ ಹೋಗಿ, ಅಲ್ಲಿ ರೊಟ್ಟಿ ಬಡಿಯುತ್ತಿದ್ದ ವೃದ್ಧ ತಾಯಿಯನ್ನು ಕೇಳಿದೆ. ಆಕೆ ಕೈಯ ಹಿಟ್ಟನ್ನು ಕೊಡವುತ್ತ ನಕ್ಕುಬಿಟ್ಟಳು. “ಏನ್ರೀ ಪಂಡಿತರ, ಬಾವಿಕಟ್ಟಿ ಹಂತೇಕ ಬೇವಿನ ಗಿಡಕ್ಕ ಹಬ್ಬೇತಲ್ರೀ! ದಿನಾ ಅದರ ನೆಳ್ಳಾಗ ಕುಂತು ಪೇಪರ ಓದ್ತೀರಿ” ಎಂದಳು. ಕರೆದೊಯ್ದು ತೋರಿಸಿದಳು. ಹೃದಯದ ಆಕಾರದ ಎಲೆ, ಉಗುರಿನಿಂದ ಕೆರೆದರೆ ಕಾಗದದಂತೆ ಸುಲಿಯುವ ತೆಳುಸಿಪ್ಪೆ, ಮೇಲಿನಿಂದ ದಾರದಂತೆ ಇಳಿಬಿದ್ದ ಬೇರುಗಳು. ಕಾಂಡವನ್ನು ಅಡ್ಡಕ್ಕೆ ಕೊಯ್ದಾಗ ಬಂಡಿಯ ಗಾಲಿಯ ಅರೆಗಳಂತೆ ಗೆರೆಗಳು ಕಂಡವು. “ಬೇವಿಗೆ ಹಬ್ಬಿದ್ದ ಛಲೋರಿ” ಎಂದು ಆಕೆ ಹೇಳಿದ ಮಾತನ್ನು ಅನಂತರ ವೈದ್ಯರ ಬಾಯಲ್ಲಿಯೂ ಕೇಳಿದೆ. ಹದಿನೆಂಟು ವರ್ಷ ಆ ಬಳ್ಳಿಯ ನೆಳಲಿನಲ್ಲಿ ಕುಳಿತಿದ್ದ ನನಗೆ ಅದು ಬಳ್ಳಿಯಾಗಿತ್ತೇ ಹೊರತು ಅಮೃತಬಳ್ಳಿಯಾಗಿರಲಿಲ್ಲ.

ಅಕ್ಷರ ಬಾರದ ಆ ತಾಯಿ ನನಗೆ ಗುರುವಾದಳು. ಭಾನುವಾರಗಳಂದು ಆಕೆಯ ಹಿಂದೆ ಹೊಲದ ಬದುವಿನಲ್ಲಿ ನಡೆದು, ಆಕೆ ತೋರಿದ ಗಿಡಗಳ ಹೆಸರನ್ನು ಪುಸ್ತಕವೊಂದರಲ್ಲಿ ಬರೆದುಕೊಂಡೆ. ಇಪ್ಪತ್ತೆರಡು ಹೆಸರುಗಳಾದುವು. ಪರೀಕ್ಷೆಯ ಮೌಲ್ಯಮಾಪನದ ಕೆಲಸ ಬಂದಿತು. ಉಳಿದುದನ್ನು ಬೇಸಿಗೆಯಲ್ಲಿ ಬರೆಯೋಣವೆಂದುಕೊಂಡೆ. ಆ ಬೇಸಿಗೆ ಆಕೆಗೆ ಬರಲಿಲ್ಲ. ಶ್ರೀಮಠದ ಗ್ರಂಥಾಲಯದಲ್ಲಿ ಒಂದು ಹಾಳೆ ಹರಿದರೆ ದಂಡ ಹಾಕುವ ನಾವು, ಇಡಿಯ ಗ್ರಂಥವೊಂದು ಅಡುಗೆಮನೆಯಿಂದ ಎದ್ದುಹೋದುದನ್ನು ಗಮನಿಸಲೇ ಇಲ್ಲ. ಇಪ್ಪತ್ತಮೂರನೆಯ ಹೆಸರು ಯಾವುದಿತ್ತೋ ನನಗೆ ತಿಳಿಯದು.

ಹೆಸರು ಕಳೆದರೆ ಕಳೆಯಲಿ, ಅದರಿಂದಾಗುವ ಹಾನಿಯೇನೆಂದು ಕೇಳುವವರುಂಟು. ಹಾನಿಯ ಒಂದು ನಿದರ್ಶನವನ್ನು ಕೊಡುತ್ತೇನೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸಲೆಂದು ಚೀನೀ ಮೂಲಿಕೆಯನ್ನು ಸೇವಿಸಿದ ನೂರಕ್ಕೂ ಹೆಚ್ಚು ಮಂದಿಯ, ಬಹುಪಾಲು ಸ್ತ್ರೀಯರ, ಮೂತ್ರಪಿಂಡಗಳು ಕೆಟ್ಟುವು. ಕೆಲವರಿಗೆ ಮುಂದೆ ಅರ್ಬುದರೋಗವೂ ತಗುಲಿತು. ವಿಚಾರಿಸಿದಾಗ ತಿಳಿದುದೇನು? ಚೀನೀ ಭಾಷೆಯಲ್ಲಿ ‘ಫಾಂಗ್ ಜಿ’ ಎಂಬ ಹೆಸರು ಎರಡು ಬೇರೆ ಬೇರೆ ಬಳ್ಳಿಗಳಿಗೆ ಸಲ್ಲುತ್ತಿತ್ತು. ಒಂದರ ಬದಲು ಇನ್ನೊಂದು ಬಂದು ಸೇರಿತ್ತು. ಹಾಗೆ ಬಂದ ಬಳ್ಳಿ ಅರಿಸ್ಟೊಲೋಕಿಯ ಜಾತಿಯದು. ಅದೇ ಜಾತಿಯ ಗಿಡ ನಮ್ಮಲ್ಲಿಯೂ ಉಂಟು. ನಾವು ಅದನ್ನು ಈಶ್ವರಿಬಳ್ಳಿಯೆಂದು ಪೂಜ್ಯಭಾವದಿಂದ ಕರೆದು ಹಾವಿನ ವಿಷಕ್ಕೆ ಮದ್ದೆಂದು ನಂಬಿದ್ದೆವು. ಆ ಜಾತಿಯಲ್ಲಿರುವ ಆಮ್ಲವು ಮೂತ್ರಪಿಂಡಕ್ಕೆ ಮಾರಕವೆಂದೂ ಅರ್ಬುದಕಾರಕವೆಂದೂ ಈಗ ನಿಶ್ಚಿತವಾಗಿದೆ. ಹಾವು ಕಚ್ಚಿದವನನ್ನು ಇಂದು ಕರೆದೊಯ್ಯಬೇಕಾದುದು ಆಸ್ಪತ್ರೆಗೇ ಹೊರತು ಬಳ್ಳಿಯ ಬುಡಕ್ಕಲ್ಲ. ಮಂಗರಾಜನು ಇಂದು ಇದ್ದಿದ್ದರೆ ಅವನೂ ಇದನ್ನೇ ಹೇಳುತ್ತಿದ್ದನೆಂದು ನಾನು ನಂಬುತ್ತೇನೆ.

ನಮ್ಮ ಅಮೃತಬಳ್ಳಿಯೂ ಈ ವಿವಾದಕ್ಕೆ ಹೊರತಾಗಲಿಲ್ಲ. ಕೊರೋನಾ ಪಿಡುಗಿನ ದಿನಗಳಲ್ಲಿ ಮನೆಮನೆಯಲ್ಲಿ ಅದರ ಕಷಾಯ ಕುದಿಯಿತು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿಮಾಡಿದರು. ಸೇವಿಸಿದ ವಸ್ತುವನ್ನು ಸರಿಯಾಗಿ ಪರೀಕ್ಷಿಸಿಲ್ಲ, ಅದೇ ರೂಪದ ಬೇರೊಂದು ಬಳ್ಳಿಯೂ ಆಗಿರಬಹುದೆಂದು ಆಯುಷ್ ಸಚಿವಾಲಯವು ಆಕ್ಷೇಪಿಸಿತು. ವಾದದಲ್ಲಿ ಗೆದ್ದವರಾರೆಂದು ತೀರ್ಮಾನಿಸುವುದು ಪಂಡಿತನ ಕೆಲಸವಲ್ಲ. ಕುಡಿದವರಿಗೆ ತಾವು ಕುಡಿದುದು ಯಾವ ಬಳ್ಳಿಯೆಂದು ಖಚಿತವಾಗಿ ಹೇಳಲಾಗದ ಸ್ಥಿತಿಯೇ ನನ್ನ ಅಳಲು. ಬ್ರಾಹ್ಮಿಯೆಂದರೆ ಒಂದೂರಿನಲ್ಲಿ ಒಂದೆಲಗ, ಇನ್ನೊಂದೂರಿನಲ್ಲಿ ನೀರುಬ್ರಾಹ್ಮಿ. ಶಂಖಪುಷ್ಪಿಯೆಂಬ ಒಂದು ಹೆಸರಿಗೆ ಮೂರು ನಾಲ್ಕು ಗಿಡಗಳು ಹಕ್ಕು ಹೂಡಿವೆ. ಹೆಸರಿನ ಗೊಂದಲವು ವ್ಯಾಕರಣದಲ್ಲಾದರೆ ಅಂಕ ಹೋದೀತು. ಮದ್ದಿನಲ್ಲಾದರೆ ಪ್ರಾಣವೇ ಹೋದೀತು.

ಈಗ ನಮ್ಮ ನಡುವೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು, ಪಶ್ಚಿಮದವರು ಕದ್ದೊಯ್ದರು ಎಂಬುದೊಂದು. ನಾರುಬೇರಿನಲ್ಲಿ ಏನಿದೆ, ಎಲ್ಲ ಮೂಢನಂಬಿಕೆ ಎಂಬುದಿನ್ನೊಂದು. ಎರಡೂ ಸೋಮಾರಿಗಳ ಮಾತುಗಳೇ; ಎರಡಕ್ಕೂ ಗಿಡವನ್ನು ನೋಡುವ ಶ್ರಮ ಬೇಕಿಲ್ಲ.

ನಿಜವಾದ ಚರಿತ್ರೆ ಬೇರೆಯೇ ಆಗಿದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಎಂಬಾತನು ಜಲೋದರಕ್ಕೆ ಹಳ್ಳಿಯ ಮುದುಕಿಯೊಬ್ಬಳು ಗುಟ್ಟಾಗಿ ಕೊಡುತ್ತಿದ್ದ ಸೊಪ್ಪಿನ ಮಿಶ್ರಣವನ್ನು ತಳ್ಳಿಹಾಕಲಿಲ್ಲ, ಹೊಗಳಿ ಸುಮ್ಮನಾಗಲೂ ಇಲ್ಲ. ಅದರಲ್ಲಿದ್ದ ಇಪ್ಪತ್ತು ಚಿಲ್ಲರೆ ಗಿಡಗಳಲ್ಲಿ ಕೆಲಸಮಾಡುತ್ತಿದ್ದುದು ಡಿಜಿಟಾಲಿಸ್ ಒಂದೇ ಎಂದು ಗುರುತಿಸಿ, ಸುಮಾರು ಹತ್ತು ವರ್ಷ ರೋಗಿಗಳ ಮೇಲಿನ ಪರಿಣಾಮವನ್ನು ದಾಖಲಿಸಿ, ಅಳತೆಯನ್ನು ನಿಶ್ಚಯಿಸಿ 1785ರಲ್ಲಿ ಗ್ರಂಥ ಬರೆದನು. ಹೃದಯಚಿಕಿತ್ಸೆಯ ಇತಿಹಾಸದಲ್ಲಿ ಅದು ಮೈಲಿಗಲ್ಲು. ನಮ್ಮ ಸರ್ಪಗಂಧಿಯ ಕಥೆಯೂ ಅಂಥದೇ. ಬಹುಕಾಲದಿಂದ ಬಳಕೆಯಲ್ಲಿದ್ದ ಆ ಬೇರು ರಕ್ತದೊತ್ತಡವನ್ನು ತಗ್ಗಿಸುವುದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದನ್ನು ಲೋಕದ ಮುಂದಿಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರ ಸಾರವಾದ ರಿಸರ್ಪಿನ್ ಬೇರ್ಪಟ್ಟಿತು. ಆಡುಸೋಗೆಯ ಸಾರವನ್ನು ಮಾದರಿಯಾಗಿಟ್ಟುಕೊಂಡು ರಚಿಸಿದ ಬ್ರೋಂಹೆಕ್ಸಿನ್ ಇಂದು ಕೆಮ್ಮಿನ ಅನೇಕ ಸಿರಪ್ಪುಗಳಲ್ಲಿದೆ. ಅಂಗಡಿಯಿಂದ ಅದನ್ನು ತರುವವನು ತನ್ನ ಹಿತ್ತಿಲ ಬೇಲಿಯ ಗಿಡವನ್ನು ಅರಿಯನು. ನಮ್ಮ ಅಂಗಳದ ನಿತ್ಯಪುಷ್ಪವನ್ನು ಮಧುಮೇಹಕ್ಕೆ ಮದ್ದೆಂದು ಜನ ಬಳಸುತ್ತಿದ್ದರು. ಅದನ್ನು ಪರೀಕ್ಷಿಸಹೊರಟ ಕೆನಡದ ವಿಜ್ಞಾನಿಗಳಿಗೆ 1950ರ ದಶಕದಲ್ಲಿ ರಕ್ತದ ಅರ್ಬುದಕ್ಕೆ ಮದ್ದು ದೊರೆಯಿತು. ಜನರ ನಂಬಿಕೆ ದಾರಿ ತೋರಿತು, ಪರೀಕ್ಷೆ ಗುರಿ ಮುಟ್ಟಿಸಿತು.

ಇವೆಲ್ಲಕ್ಕಿಂತ ನನ್ನಂಥ ಭಾಷಾಪಂಡಿತನನ್ನು ಪುಳಕಗೊಳಿಸುವುದು ಚೀನದ ಟು ಯೂಯೂ ಎಂಬ ಮಹಿಳೆಯ ಸಾಧನೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಆಕೆ ಹಳೆಯ ಗ್ರಂಥಗಳನ್ನು ಶೋಧಿಸುವಾಗ ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬಾತನ ಕೈಪಿಡಿಯಲ್ಲಿ, ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸವನ್ನು ಕುಡಿಯಬೇಕೆಂಬ ವಿಧಿಯನ್ನು ಕಂಡಳು. ಕುದಿಸಬೇಕೆಂದು ಅಲ್ಲಿ ಹೇಳಿರಲಿಲ್ಲ. ಕಾಯಿಸಿದರೆ ಸತ್ತ್ವ ಕೆಡುತ್ತಿರಬಹುದೆಂದು ಆಕೆ ಊಹಿಸಿ, ತಗ್ಗಿದ ಶಾಖದಲ್ಲಿ ಸಾರವನ್ನು ತೆಗೆದಾಗ 1971ರಲ್ಲಿ ಫಲ ದೊರೆಯಿತು. 2015ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ಬಂದಿತು. ಹಳೆಯ ಹೊತ್ತಗೆಯ ಒಂದು ಕ್ರಿಯಾಪದವನ್ನು ಗಮನವಿಟ್ಟು ಓದಿದುದರಿಂದ ಲಕ್ಷಾಂತರ ಜೀವಗಳು ಉಳಿದುವು. ಹಳಗನ್ನಡ ಓದಿ ಪ್ರಯೋಜನವೇನೆಂದು ಕೇಳುವ ಮಹನೀಯರು ಇದನ್ನು ಒಮ್ಮೆ ಚಿಂತಿಸಬೇಕೆಂದು ಬೇಡುತ್ತೇನೆ.

ಬರೆದಿಟ್ಟುದು ಕಾಪಾಡುತ್ತದೆಂಬುದಕ್ಕೆ ಅರಿಸಿನದ ಮೊಕದ್ದಮೆಯೂ ಸಾಕ್ಷಿ. ಅರಿಸಿನದಿಂದ ಗಾಯ ಮಾಯುವುದೆಂಬುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಮಂಡಲಿಯು ಹಳೆಯ ಗ್ರಂಥಗಳನ್ನೂ ಮುದ್ರಿತ ಲೇಖನಗಳನ್ನೂ ಮುಂದಿಟ್ಟು ಹೋರಾಡಿದ್ದರಿಂದ 1997ರಲ್ಲಿ ಅದು ರದ್ದಾಯಿತು. ನಮ್ಮಜ್ಜಿ ಹಚ್ಚುತ್ತಿದ್ದಳೆಂಬ ಬಾಯಿಮಾತಿಗಿಂತ ಅಚ್ಚಾದ ಪುಟಕ್ಕೆ ಅಲ್ಲಿ ಬೆಲೆಯಿತ್ತು. ಬರೆದಿಡದ ಅರಿವು ಬೇಲಿಯಿಲ್ಲದ ಹೊಲದಂತೆ.

ಆದುದರಿಂದ ಈ ಸ್ಮರಣಸಂಚಿಕೆಯ ಮೂಲಕ ಅಧ್ಯಾಪಕ ಮಿತ್ರರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆಯುಂಟು. ಶಾಲೆಯ ಹಿಂಬದಿಯಲ್ಲಿ ಬಾವಿಯ ಬಳಿ ಪಾಳುಬಿದ್ದಿರುವ ನೆಲದಲ್ಲಿ ಮೂವತ್ತು ಮೂಲಿಕೆಗಳ ತೋಟವೊಂದಾಗಲಿ. ಆಡುಸೋಗೆ, ಬಜೆ, ಲಕ್ಕಿ, ತುಂಬೆ, ಒಂದೆಲಗ, ನೆಲನೆಲ್ಲಿ, ನೆಲಬೇವು, ಸರ್ಪಗಂಧಿ ಮೊದಲಾದುವು ಅಲ್ಲಿರಲಿ. ಒಂದೊಂದರ ಬುಡದಲ್ಲಿ ಊರಿನ ಹೆಸರು, ಗ್ರಂಥದ ಹೆಸರು, ಸಸ್ಯಶಾಸ್ತ್ರದ ಹೆಸರು ಮೂರನ್ನೂ ಬರೆದ ಫಲಕವಿರಲಿ. ಎಕ್ಕ, ದತ್ತೂರಿ, ಗುಲಗಂಜಿಗಳ ನಂಜನ್ನೂ ಮಕ್ಕಳು ತಿಳಿಯಲಿ. ಎಂಟನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇಸಿಗೆಯ ರಜೆಯಲ್ಲಿ ತನ್ನ ಅಜ್ಜ ಅಜ್ಜಿಯರಿಂದ, ಕುರುಬರಿಂದ, ಗೋವಳರಿಂದ ಐದು ಗಿಡಗಳ ಹೆಸರನ್ನು ಕೇಳಿ, ಒಣಗಿಸಿದ ಎಲೆಯೊಡನೆ ಬರೆದು ತರಲಿ. ಹತ್ತು ವರ್ಷಗಳಲ್ಲಿ ನಮ್ಮ ಸೀಮೆಯ ಸಸ್ಯಕೋಶವೊಂದು ಶ್ರೀಮಠದ ಗ್ರಂಥಾಲಯದಲ್ಲಿ ಸಿದ್ಧವಾದೀತು. ಮದ್ದು ಕೊಡುವ ಕೆಲಸ ನಮಗೆ ಬೇಡ, ಅದು ವೈದ್ಯರದು. ಹೆಸರನ್ನು ಕಾಯುವುದು ಶಾಲೆಯ ಕೆಲಸ.

ಇದು ಸಸ್ಯಶಾಸ್ತ್ರದ ಅಧ್ಯಾಪಕರ ಕೆಲಸ, ಕನ್ನಡ ಪಂಡಿತನಿಗೇಕೆಂದು ಕೇಳಬಹುದು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವ ಪಡೆಯಬಹುದಾದರೆ, ಕನ್ನಡ ಪಂಡಿತನು ನಾಲ್ಕು ಗಿಡಗಳನ್ನು ಗುರುತಿಸಲು ಕಲಿತರೆ ಅಪಚಾರವೇನೂ ಆಗದು. ಇದಕ್ಕೆ ಪರೀಕ್ಷೆಯಲ್ಲಿ ಅಂಕವೆಷ್ಟೆಂದೂ ಕೇಳಬಹುದು. ಅಂಕವಿಲ್ಲ. ನೀರು ಸೇದುವುದಕ್ಕೂ ದಾಸೋಹದಲ್ಲಿ ಬಡಿಸುವುದಕ್ಕೂ ಅಂಕವಿಲ್ಲ. ಆದರೂ ಈ ಶಾಲೆ ಅವನ್ನು ತಲೆಮಾರುಗಳಿಂದ ಕಲಿಸುತ್ತ ಬಂದಿದೆ.

ಶಾಲೆಯ ಕೊಠಡಿ ಕೊಠಡಿಯ ಬಾಗಿಲಲ್ಲಿ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದೇವೆ. ಅದು ಉಚಿತವೇ, ಕೃತಜ್ಞತೆಯು ಧರ್ಮ. ಅನ್ನವನ್ನೂ ಆರೋಗ್ಯವನ್ನೂ ಕೊಟ್ಟ ಹಿರಿಯ ದಾನಿಗಳಾದ ಗಿಡಬಳ್ಳಿಗಳ ಹೆಸರನ್ನು ಮಾತ್ರ ನಾವು ಎಲ್ಲಿಯೂ ಕೆತ್ತಿಲ್ಲ. ಒಂದು ಕೊಠಡಿಯ ವೆಚ್ಚದ ಅಲ್ಪಾಂಶದಲ್ಲಿ ಈ ತೋಟವಾದೀತು. ಹಣಕ್ಕಿಂತ ಹೆಚ್ಚಾಗಿ ಬೇಕಾದುದು ದಿನವೂ ನೀರೆರೆಯುವ ಕೈ ಮತ್ತು ಕೇಳಿ ಬರೆಯುವ ತಾಳ್ಮೆ.

ಬಾವಿಕಟ್ಟೆಯ ಬೇವಿಗೆ ಹಬ್ಬಿದ ಆ ಅಮೃತಬಳ್ಳಿ ಇನ್ನೂ ಹಸಿರಾಗಿದೆ. ತೋಟದ ಮೊದಲ ಫಲಕವನ್ನು ಅದರ ಬುಡದಲ್ಲಿ ನೆಡಬೇಕೆಂದು ನನ್ನ ಆಸೆ. ನನ್ನ ಬಳಿಯಿರುವ ಇಪ್ಪತ್ತೆರಡು ಹೆಸರುಗಳ ಪುಸ್ತಕವನ್ನು ಈ ವರ್ಷದ ಎಂಟನೆಯ ತರಗತಿಯ ಮಕ್ಕಳ ಕೈಗೆ ಒಪ್ಪಿಸುತ್ತೇನೆ. ಅದರಲ್ಲಿ ಬರೆಯದ ಹಾಳೆಗಳು ಬಹಳ ಉಳಿದಿವೆ.